ಮುಚ್ಚಳ ಮುಟ್ಟದ ಅಂಗಡಿ

“ತನ್ನ ಹೆಸರು ಬರೆಯೋಕೆ ಮೂರು ಸಲ ಪೆನ್ನು ಎತ್ತುತ್ತಾನೆ. ರಿವಾಲ್ವರ್ ಬಿಚ್ಚಿ ಜೋಡಿಸೋಕೆ ಮಾತ್ರ ಕೈ ನಡುಗಲ್ಲ. ಇಂಥ ಪಂಡಿತರು ನಮ್ಮ ಮಧ್ಯೆ ಇದ್ದಾರೆ ಅಂತ ನಮಗೇ ಗೊತ್ತಿರಲಿಲ್ಲ, ಸ್ವಾಮಿ.”

ಹೀಗೆ ಹೇಳಿ ಸರ್ಕಾರಿ ವಕೀಲ ನನ್ನ ಕಡೆ ಕೈ ಚಾಚಿದ, ಅಂಗಡಿಯವನು ಗಿರಾಕಿಗೆ ಹಳೇ ಮಾಲು ತೋರಿಸುವ ಹಾಗೆ. ನ್ಯಾಯಾಲಯದ ತುಂಬ ಜನ. ನಗು ಮುಂದಿನ ಬೆಂಚಿನಲ್ಲಿ ಶುರುವಾಗಿ ಹಿಂದಿನ ಗೋಡೆಯವರೆಗೂ ಹೋಯಿತು. ಟೈಪು ಮಾಡುತ್ತಿದ್ದ ಹೆಂಗಸು ಕೂಡ ಬೆರಳು ನಿಲ್ಲಿಸಿ ನಕ್ಕಳು. ಆಮೇಲೆ ಇದನ್ನೂ ಟೈಪು ಮಾಡಬೇಕೋ ಬೇಡವೋ ಅಂತ ನ್ಯಾಯಾಧೀಶರ ಮುಖ ನೋಡಿದಳು.

ಆ ದಿನ ಬೆಳಿಗ್ಗೆ ನಾನು ಹಾಜರಿ ಹಾಳೆಗೆ ಸಹಿ ಹಾಕುವಾಗ ಆತ ಪಕ್ಕದಲ್ಲೇ ನಿಂತು ನೋಡಿದ್ದ. ನನ್ನ ಹೆಸರಲ್ಲಿ ಎರಡು ಒತ್ತಕ್ಷರ. ಇಟ್ಟವರಿಗೇನು, ಬರೆಯೋನು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈ ಅಷ್ಟೇ. ಅದಕ್ಕೆ ಇಷ್ಟು ಜನರ ಮುಂದೆ ಹಲ್ಲು ಕಿಸಿಯಬೇಕಾ? ಆರೋಪಿಗಳ ಕಟಕಟೆಯ ಕಂಬಿ ಹಿಡಿದು ನಿಂತಿದ್ದೆ. ಅದರ ಎರಡು ತಿರುಪು ಸಡಿಲ ಇದ್ದವು. ಕಿತ್ತು ಅವನ ತಲೆಗೆ ಎಸೆದರೆ ಹೇಗೆ ಅಂತ ಲೆಕ್ಕ ಹಾಕುತ್ತ ನಿಂತೆ.

ನನ್ನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ನಮ್ಮ ಅಂಗಡಿಯ ಗಿರಾಕಿ ಅಜ್ಜಿಯೊಬ್ಬಳನ್ನು ಕೂರಿಸಿದ್ದರು. ಮೊದಲನೇ ಆರೋಪಿ ಅವಳು, ಎಪ್ಪತ್ತನಾಲ್ಕು ವರ್ಷ. ಎರಡನೇ ಆರೋಪಿ ನಾನು. ಪರವಾನಗಿ ಇಲ್ಲದ ರಿವಾಲ್ವರ್ ಇಟ್ಟುಕೊಂಡ ಕೇಸು.

ಸಾಕ್ಷಿಯ ಜಾಗದಲ್ಲಿ ನಿಂತಿದ್ದವನು ನನ್ನ ದೊಡ್ಡಪ್ಪ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಮನೆಗೆ ಕರೆದುಕೊಂಡು ಬಂದು ಬೀಗದ ಕೆಲಸ ಕಲಿಸಿದವನು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಮೇಲಿನ ಗುಂಡಿಯನ್ನೂ ಬಿಗಿದಿದ್ದ. ಆ ಗುಂಡಿ ಹಾಕಿದರೆ ದೊಡ್ಡಪ್ಪನಿಗೆ ಉಸಿರು ಕಟ್ಟುತ್ತೆ.

“ಇವನಿಗೆ ಅಂಗಡಿಯಲ್ಲಿ ಏನಂತ ಕರೀತೀರಿ?” ಸರ್ಕಾರಿ ವಕೀಲ ಕೇಳಿದ.

ದೊಡ್ಡಪ್ಪನಿಗೆ ಸುಳ್ಳು ಹೇಳೋಕೆ ಬರಲ್ಲ. “ಪಟಾಕಿ ಅಂತ.”

ಮತ್ತೆ ನಗು.

“ಯಾಕೆ?”

“ಬೇಗ ಸಿಟ್ಟು ಬರುತ್ತೆ ಸ್ವಾಮಿ. ಬೇಗ ಆರಿಯೂ ಹೋಗುತ್ತೆ. ಬಂದೂಕಿಗೂ ಅದಕ್ಕೂ ಸಂಬಂಧ ಇಲ್ಲ.” ನ್ಯಾಯಾಧೀಶರ ಕಡೆ ತಿರುಗಿದ. “ಹನ್ನೊಂದು ವರ್ಷ ನನ್ನ ಪಕ್ಕದಲ್ಲಿ ಕೂತು ಕೆಲಸ ಮಾಡಿದಾನೆ. ಅವನು ಮುಚ್ಚಳ ಎತ್ತಿಲ್ಲ. ಎತ್ತಿದ್ರೆ ನನಗೆ ಗೊತ್ತಾಗ್ತಿತ್ತು.”

ಆ ಮಾತಿಗೆ ಯಾರೂ ನಗಲಿಲ್ಲ. ನ್ಯಾಯಾಧೀಶರು ಅದನ್ನು ತಾವೇ ಕೈಯಲ್ಲಿ ಬರೆದುಕೊಂಡರು.

ನಾನು ನೆಲ ನೋಡಿದೆ. ಯಾಕೆ ಅಂದರೆ ಎತ್ತಿದ್ದೆ.

ಆ ಮುಚ್ಚಳದ ವಿಷಯ ಹೇಳಬೇಕು. ನಮ್ಮ ಅಂಗಡಿ ಉದ್ದಕ್ಕೆ ಹನ್ನೊಂದು ಹೆಜ್ಜೆ, ಅಗಲಕ್ಕೆ ನಾಲ್ಕು. ಬಾಗಿಲ ಹತ್ತಿರ ಕೀಲಿ ಕೊರೆಯುವ ಯಂತ್ರ, ಅದರ ಮೇಲೆ ಗಾಜಿನ ಕಟ್ಟು ಹಾಕಿಸಿ ನೇತುಹಾಕಿದ ಪರವಾನಗಿ ಪತ್ರ. ಒಳಗೆ ಎರಡು ಮೇಜು, ಒಂದು ದೊಡ್ಡಪ್ಪನದು, ಒಂದು ನನ್ನದು. ಗೋಡೆ ತುಂಬ ಕೀಲಿ. ಫ್ಯಾನು ಹಾಕಿದರೆ ಗೋಡೆಯೇ ಗಲಗಲ ಅನ್ನುತ್ತೆ. ಜನ ಪೆಟ್ಟಿಗೆ ತರುತ್ತಾರೆ, ಕಪಾಟು ತರುತ್ತಾರೆ, ಕೀಲಿ ಕಳೆದುಹೋದ ಸೂಟ್‌ಕೇಸು ತರುತ್ತಾರೆ. ಸುಮಾರು ಮಾಲು ಸತ್ತವರದು. ಸತ್ತವರು ಕೀಲಿ ಎಲ್ಲಿಟ್ಟಿದ್ದೀನಿ ಅಂತ ಹೇಳಿ ಹೋಗಲ್ಲ.

ದೊಡ್ಡಪ್ಪನ ಅಂಗಡಿಗೆ ಒಂದೇ ನಿಯಮ. ಬೀಗ ತೆಗೆದವನು ಮುಚ್ಚಳ ಎತ್ತುವಂತಿಲ್ಲ. ಬೀಗ ಬಿಚ್ಚಿಕೊಂಡಿತು ಅಂತ ಕೈಗೆ ಗೊತ್ತಾದ ಕೂಡಲೇ ಕೈ ತೆಗೆಯಬೇಕು, ಕೊಂಡಿಗೆ ತನ್ನ ಹಿತ್ತಾಳೆ ಬಿಲ್ಲೆ ತಗುಲಿಸಬೇಕು. ದೊಡ್ಡಪ್ಪನ ಬಿಲ್ಲೆಯ ಮೇಲೆ ಅರ್ಧಚಂದ್ರ, ನನ್ನದರ ಮೇಲೆ ತ್ರಿಕೋನ. ಬಿಲ್ಲೆ ಯಾರದೋ, ಮಾಲಿನ ಹೊಣೆ ಅವನದು. ಯಜಮಾನರು ಬಂದು ತಾವೇ ಮುಚ್ಚಳ ಎತ್ತಬೇಕು, ಆಗಲೂ ನಾವು ಬೆನ್ನು ತಿರುಗಿಸಿ ನಿಲ್ಲಬೇಕು. ನಲವತ್ತು ವರ್ಷದಲ್ಲಿ ಒಂದೇ ಒಂದು ಪೆಟ್ಟಿಗೆಯ ಒಳಗು ನೋಡಿಲ್ಲ ಅಂತ ದೊಡ್ಡಪ್ಪ ಹೇಳಿಕೊಳ್ಳುತ್ತಾನೆ, ಬೇರೆಯವರು ಪದಕ ತೋರಿಸುವ ಹಾಗೆ. “ನಿಮ್ಮ ದೊಡ್ಡಪ್ಪ ಮದುವೆ ದಿನ ನನ್ನ ಮುಖಾನೂ ನೋಡ್ಲಿಲ್ಲ ಕಣೋ,” ಅನ್ನುತ್ತಾಳೆ ದೊಡ್ಡಮ್ಮ. “ಯಜಮಾನರು ಬರಲಿ ಅಂತ ಕಾಯ್ತಿದ್ರೇನೋ.”

ಅಜ್ಜಿ ಬಂದಿದ್ದು ಒಂದು ಬೆಳಿಗ್ಗೆ, ಬಾಡಿಗೆ ಗಾಡಿಯಲ್ಲಿ. ಕಬ್ಬಿಣದ ಪೆಟ್ಟಿಗೆ, ಹೊಲಿಗೆ ಯಂತ್ರದಷ್ಟು ದೊಡ್ಡದು. ಗಂಡ ಕಾರ್ಖಾನೆಯ ಕಾವಲುಗಾರ ಆಗಿದ್ದವನು, ಹೋಗಿ ಒಂದೂವರೆ ವರ್ಷ. ಪಿಂಚಣಿ ಕಚೇರಿಯವರು ಯಾವುದೋ ಕಾಗದ ಕೇಳಿದ್ದರು, ಅದು ಈ ಪೆಟ್ಟಿಗೆಯಲ್ಲಿರಬಹುದು ಅಂತ ಅವಳ ಅಂದಾಜು. “ನಾಳೆ ಬರ್ತೀನಿ ಮಗಾ,” ಅಂದು ಹೋದಳು. ಆ ದಿನ ಸಂಜೆಯೇ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಪೆಟ್ಟಿಗೆ ನನ್ನ ಮೇಜಿನ ಕೆಳಗೆ ಉಳಿಯಿತು.

ಬೀಗವನ್ನು ಇಪ್ಪತ್ತು ನಿಮಿಷದಲ್ಲಿ ತೆಗೆದೆ. ಬಿಲ್ಲೆ ಹಾಕಿದೆ. ಅಲ್ಲಿಗೆ ಮುಗಿಯಬೇಕಿತ್ತು. ಮೂರನೇ ದಿನ ಕಸ ಗುಡಿಸೋಕೆ ಪೆಟ್ಟಿಗೆ ಸರಿಸಿದಾಗ ಒಳಗೆ ಏನೋ ಭಾರದ್ದು ಜಾರಿ ಠಕ್ ಅಂತು. ಸದ್ದು ನನಗೆ ಗೊತ್ತು. ಅದು ಇಡೀ ಕಬ್ಬಿಣದ ಸದ್ದಲ್ಲ. ಒಳಗೆ ಅಲ್ಲಾಡಬೇಕಾದ ಭಾಗಗಳಿದ್ದು, ಅಲ್ಲಾಡದೇ ಹೋದ ಯಂತ್ರದ ಸದ್ದು. ದೊಡ್ಡಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿದ್ದ. ಎತ್ತಿದೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ, ಕೊನೇ ಸಲ. ಯಾರು ನಂಬುತ್ತಾರೋ ಬಿಡುತ್ತಾರೋ.

ಮೇಣದ ಬಟ್ಟೆಯಲ್ಲಿ ಸುತ್ತಿದ ರಿವಾಲ್ವರ್. ಅದರ ಜೊತೆ ಒಂದು ಸೀಟಿ, ಗುರುತಿನ ಚೀಟಿ, ಒಂದಿಷ್ಟು ಕಾಗದ. ಗುಂಡು ಒಂದೂ ಇಲ್ಲ. ಗುಂಡು ತುಂಬುವ ಉರುಳೆ ತುಕ್ಕು ಹಿಡಿದು ಚೌಕಟ್ಟಿಗೆ ಅಂಟಿಕೊಂಡುಬಿಟ್ಟಿತ್ತು, ಹೆಬ್ಬೆರಳಿನಿಂದ ಎಳೆಯುವ ಕುದುರೆ ಹಿಂದಕ್ಕೆ ಬರುತ್ತಿರಲಿಲ್ಲ. ಎಲ್ಲರೂ ನನಗೆ ಬಂದೂಕು ಸಿಕ್ಕಿತು ಅನ್ನುತ್ತಾರೆ. ನನಗೆ ಬಂದೂಕು ಕಾಣಲಿಲ್ಲ, ಸಿಕ್ಕಿಹಾಕಿಕೊಂಡ ಒಂದು ಯಂತ್ರ ಕಂಡಿತು. ಸಿಕ್ಕಿಹಾಕಿಕೊಂಡದ್ದನ್ನು ನೋಡಿಕೊಂಡು ಸುಮ್ಮನಿರೋಕೆ ನನಗೆ ಆಗಲ್ಲ, ಮೈ ಪರಚಿಕೊಳ್ಳುವಂತಾಗುತ್ತೆ.

ಮೂರು ಮಧ್ಯಾಹ್ನ ತಗೊಂಡಿತು. ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ತಂತಿ ಬ್ರಷ್ಷಿನಲ್ಲಿ ಉಜ್ಜಿದೆ, ಕಬ್ಬಿಣಕ್ಕೆ ಗಾಯ ಆಗದಿರಲಿ ಅಂತ ಹಿತ್ತಾಳೆ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿದೆ. ಮೂರನೇ ದಿನ ಉರುಳೆ ಕ್ಲಿಕ್ ಅಂತ ಗುಂಡಿಡುವ ಒಂದು ಮನೆಯಷ್ಟು ತಿರುಗಿತು. ಆ ಸದ್ದಿಗೆ ಆದ ಖುಷಿಯನ್ನು ಯಾವ ನ್ಯಾಯಾಧೀಶರ ಮುಂದೆಯೂ ಹೇಳೋಕಾಗಲ್ಲ. ಒರೆಸಿ, ಎಣ್ಣೆ ಬಿಟ್ಟು, ಹೇಗಿತ್ತೋ ಹಾಗೇ ಸುತ್ತಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳೋದೇನು, ಮುಚ್ಚಳ ಎತ್ತಿದೆ ಅಂತ ದೊಡ್ಡಪ್ಪನ ಮುಂದೆ ಹೇಳೋಕಾಗುತ್ತಾ?

ಎಂಟು ದಿನ ಆದ ಮೇಲೆ ಪೊಲೀಸ್ ಠಾಣೆಯ ಹವಾಲ್ದಾರ ಬಂದ. ನಮ್ಮನ್ನು ಹಿಡಿಯೋಕಲ್ಲ. ಕಳವಿನ ಮಾಲು ಇಡುವ ಠಾಣೆಯ ಕಪಾಟಿನ ಕೀಲಿ ಒಳಗೇ ಮುರಿದುಹೋಗಿತ್ತು, ಅದಕ್ಕೆ. ದೊಡ್ಡಪ್ಪ ಅಚ್ಚು ತೆಗೆಯುವವರೆಗೂ ಅವನು ಅಂಗಡಿ ನೋಡುತ್ತ ಕೂತ.

“ಏನ್ ಯಜಮಾನ್ರೇ, ಈ ಪೆಟ್ಟಿಗೇಲಿ ಏನಿದೆ?”

“ಗೊತ್ತಿಲ್ಲ ಸಾಹೇಬ್ರೇ.”

“ಬೀಗ ತೆಗ್ದಿದೀರಲ್ಲ?”

“ತೆಗ್ದಿದೀವಿ. ಒಳಗೆ ನೋಡಲ್ಲ. ನಮ್ಮ ಅಂಗಡಿ ಪದ್ಧತಿ.”

“ಹೆಣ ಇದ್ರೆ?”

“ಹೆಣ ಇದ್ರೂ ನಮಗೆ ಗೊತ್ತಿರಲ್ಲ.” ದೊಡ್ಡಪ್ಪನ ಮುಖದಲ್ಲಿ ಅದೇ ಹೆಮ್ಮೆ. “ನಂಬಿಕೆ ಇಲ್ಲಾಂದ್ರೆ ನೀವೇ ಎತ್ತಿ ನೋಡಿ. ನಿಮಗೇನು, ನಮ್ಮ ನಿಯಮ ನಿಮಗಿಲ್ಲ.”

ಹೀಗೆ ಹೇಳುವವರು ಲೋಕದಲ್ಲಿ ನಮ್ಮ ದೊಡ್ಡಪ್ಪ ಒಬ್ಬನೇ. ಹವಾಲ್ದಾರ ನಗುತ್ತಲೇ ಬಗ್ಗಿದ, ನಗುತ್ತಲೇ ಎತ್ತಿದ. ಬಟ್ಟೆ ಬಿಚ್ಚಿದ ಮೇಲೂ ತುಟಿಯ ಮೇಲೆ ನಗು ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಹೊರಟುಹೋಗಿತ್ತು. ಉರುಳೆ ತಿರುಗಿಸಿದ. ನುಣ್ಣಗೆ ತಿರುಗಿತು. ಅಷ್ಟು ಚೆನ್ನಾಗಿ ಮಾಡಿದ್ದೆ.

“ಯಾರದು ಈ ಬಿಲ್ಲೆ?”

ದೊಡ್ಡಪ್ಪ ಬಾಯಿ ತೆರೆದ. ಅವನು ನಂದು ಅನ್ನೋಕೆ ಹೊರಟಿದ್ದ, ನನಗೆ ಗೊತ್ತು.

“ನಂದು,” ಅಂದೆ ನಾನು.

ಜಾಮೀನು ಸಿಗುವವರೆಗೆ ಹತ್ತೊಂಬತ್ತು ದಿನ ಒಳಗಿದ್ದೆ. ಆ ಕೋಣೆಯ ಬೀಗ ಎಷ್ಟು ಕಳಪೆ ಅಂದರೆ ಚಮಚದ ಹಿಡಿಯಿಂದ ತೆಗೆಯಬಹುದಿತ್ತು. ಪಕ್ಕದವನಿಗೆ ಹೇಳಿದೆ. “ಹಾಗಾದ್ರೆ ತೆಗಿ ಗುರುವೇ,” ಅಂದ. ಚಮಚ ಕೊಡಲ್ಲ ಅಲ್ಲಿ.

ನನಗೆ ವಕೀಲರನ್ನು ನ್ಯಾಯಾಲಯವೇ ಕೊಟ್ಟಿತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ಅವಳ ಕಚೇರಿ, ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಜು ನಡುಗುತ್ತಿತ್ತು. ಮೊದಲ ದಿನ ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಒಂದು ಲೋಟ ನೀರು ಮುಂದಿಟ್ಟು, “ಮುಗೀತಾ? ಈಗ ಕೇಸು ಮಾತಾಡೋಣ್ವಾ?” ಅಂದಳು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದಳು. ಬಂದೂಕು ನಿನ್ನ ವಶದಲ್ಲಿತ್ತು ಅಂತ ತೋರಿಸಿದರೆ ಸಾಲದು, ಅದು ಅಲ್ಲಿದೆ ಅಂತ ನಿನಗೆ ಗೊತ್ತಿತ್ತು ಅಂತಲೂ ತೋರಿಸಬೇಕು. ಗೊತ್ತಿಲ್ಲದೆ ಇಟ್ಟುಕೊಂಡರೆ ಅಪರಾಧ ಅಲ್ಲ. ಬೆರಳ ಗುರುತು ಸಿಕ್ಕಿಲ್ಲ. ಸಿಕ್ಕ ಎಣ್ಣೆ ಮನೆಮನೆಯಲ್ಲಿರುವ ಹೊಲಿಗೆ ಯಂತ್ರದ ಎಣ್ಣೆ. ಉಳಿದದ್ದು ಅಂಗಡಿಯ ಪದ್ಧತಿ. ಅದನ್ನು ನಿಮ್ಮ ದೊಡ್ಡಪ್ಪ ಹೇಳಿದರೆ ಸಾಕು.

“ಶಿಕ್ಷೆ ಆದ್ರೆ?” ಅಂತ ಕೇಳಿದೆ.

ಅವಳು ಪುರಸಭೆಯ ನಿಯಮದ ಪುಸ್ತಕ ತೆಗೆದು ಓದಿದಳು. ದೊಡ್ಡಪ್ಪನೂ ಪಕ್ಕದಲ್ಲಿದ್ದ. ಬೇರೆಯವರ ಮನೆಗೆ ಹೋಗಿ ಬೀಗ ತೆಗೆಯಬೇಕಾದರೆ ಬ್ಯಾಡ್ಜ್ ಬೇಕು. ನಾನು ಅದರ ಪರೀಕ್ಷೆ ಪಾಸಾಗಿದ್ದೆ, ನಲವತ್ತು ನಿಮಿಷದಲ್ಲಿ ಏಳು ಬೀಗ. ಬದುಕಿನಲ್ಲಿ ನಾನು ಪಾಸಾದ ದೊಡ್ಡ ಪರೀಕ್ಷೆ ಅದೊಂದೇ. ಬ್ಯಾಡ್ಜ್ ಅಂಚೆಯಲ್ಲಿ ಬರಬೇಕಿತ್ತು. ದೊಡ್ಡಪ್ಪನ ಕಣ್ಣಿಗೆ ಪೊರೆ ಬರುತ್ತಿದೆ, ಬ್ಯಾಡ್ಜ್ ಬಂದ ದಿನ ಅಂಗಡಿ ನನ್ನ ಕೈಗೆ ಅಂತ ಮಾತಾಗಿತ್ತು. ಕಳ್ಳತನ, ಮೋಸ, ಬಂದೂಕು, ಈ ಮೂರರಲ್ಲಿ ಯಾವುದರಲ್ಲಿ ಶಿಕ್ಷೆಯಾದರೂ ಬ್ಯಾಡ್ಜ್ ಇಲ್ಲ, ಬದುಕಿರುವವರೆಗೂ ಇಲ್ಲ. ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಳ್ಳಬಹುದಿತ್ತು. ಅದರ ಕೆಳಗೆ ಇನ್ನೊಂದು ಸಾಲು. ಶಿಕ್ಷೆಯಾದವನನ್ನು ಬೀಗದ ಅಂಗಡಿಯೊಳಗೆ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಅಂಗಡಿಯ ಪರವಾನಗಿಯೇ ರದ್ದು.

“ಕಸ ಗುಡಿಸೋಕೂ?” ದೊಡ್ಡಪ್ಪ ಕೇಳಿದ.

“ಕಸ ಗುಡಿಸೋಕೂ,” ಅಂದಳು ವಕೀಲೆ.

ಹಾಗಾಗಿ ದೊಡ್ಡಪ್ಪ ಸಾಕ್ಷಿ ಹೇಳಿ ಇಳಿದ ದಿನ ನಾವು ಗೆದ್ದೆವು ಅಂತಲೇ ಎಲ್ಲರೂ ಅಂದುಕೊಂಡರು. ಕಾರಿಡಾರಿನಲ್ಲಿ ವಕೀಲೆ ಮೊದಲ ಸಲ ನಕ್ಕಳು. “ನ್ಯಾಯಾಧೀಶರು ತಾವೇ ಬರ್ಕೊಂಡ್ರು ನೋಡಿದ್ರಾ? ಅದು ಯಾವಾಗ್ಲೂ ಆಗಲ್ಲ.” ದೊಡ್ಡಪ್ಪ ಮೇಲಿನ ಗುಂಡಿ ಬಿಚ್ಚಿ ಚಹಾ ತರೋಕೆ ಹೋದ.

ಅಜ್ಜಿಯ ಗಾಲಿಕುರ್ಚಿ ಗೋಡೆಗೆ ಒತ್ತಿ ನಿಂತಿತ್ತು. ನನ್ನನ್ನು ಹತ್ತಿರ ಕರೆದಳು. ನನಗೆ ಹೋಗೋಕೆ ಇಷ್ಟ ಇರಲಿಲ್ಲ. ಅಷ್ಟು ದಿನ ಅವಳ ಮೇಲೆ ಹಲ್ಲು ಮಸೆದಿದ್ದೆ. ಗಂಡ ಸತ್ತ ಮೂರು ತಿಂಗಳೊಳಗೆ ರಿವಾಲ್ವರ್ ಠಾಣೆಗೆ ಒಪ್ಪಿಸಬೇಕಿತ್ತಂತೆ. ಒಪ್ಪಿಸಿದ್ದರೆ ನನ್ನ ಹಣೆಬರಹ ಬೇರೆ ಇರುತ್ತಿತ್ತು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ,” ಅಂದಳು. “ಅದು ತುಕ್ಕು ಹಿಡಿದಿತ್ತು ಕಣಪ್ಪಾ. ಇವರು ಬದುಕಿದ್ದಾಗ ನನ್ನ ಕೈಗೇ ಕೊಟ್ಟು, ತಿರುಗಿಸು ನೋಡೋಣ ಅಂದಿದ್ರು. ಅಲ್ಲಾಡಲಿಲ್ಲ. ಇಪ್ಪತ್ತು ವರ್ಷದಿಂದ ಕಬ್ಬಿಣದ ಮುದ್ದೆ ಅದು. ಅದಕ್ಕೇ ನಾನು ಬಂದೂಕು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ. ಈಗ ನೋಡಿದ್ರೆ ಹೊಸದರ ಹಾಗೆ ಕೆಲಸ ಮಾಡುತ್ತೆ ಅಂತ ತಜ್ಞರು ಬರೆದಿದಾರೆ.”

ನಾನು ಅವಳ ಕುರ್ಚಿಯ ಗಾಲಿ ನೋಡುತ್ತ ನಿಂತೆ.

“ನನ್ನ ಮಗ ಹೇಳ್ತಾನೆ, ನಿನಗೆ ಅರಳು ಮರಳು ಅಮ್ಮಾ, ಯಾವುದೋ ಕನಸು ಕಂಡಿದೀಯ ಅಂತ. ನಮ್ಮ ವಕೀಲರೂ ಹಾಗೇ ಬರ್ಕೊಡ್ತೀನಿ ಅಂತಾರೆ, ತಲೆ ಸರಿಯಿಲ್ಲ ಅಂತ. ಹಾಗೆ ಹೇಳಿದ್ರೆ ಶಿಕ್ಷೆ ಕಡಿಮೆ ಆಗುತ್ತಂತೆ. ಮನೇಲಿ ಒಲೆ ಹಚ್ಚೋಕೂ ಬಿಡ್ತಿಲ್ಲ ಈಗ.” ನನ್ನ ಕೈ ಹಿಡಿದುಕೊಂಡಳು. “ನೀನು ನೋಡಿಲ್ಲ, ನಿನಗೆ ಹೇಗೆ ಗೊತ್ತಿರುತ್ತೆ. ಆದ್ರೂ ಕೇಳ್ತೀನಿ. ನಾನು ಹುಚ್ಚಿ ಥರ ಕಾಣ್ತೀನಾ?”

ಜೈಲು ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳಿಗೆ ಜೈಲಾದರೂ ತಡೆದುಕೊಳ್ಳುತ್ತಿದ್ದೆನೇನೋ, ಅಷ್ಟು ಕಟುಕ ನಾನು. ಅವಳು ಸರಿಯಾಗೇ ನೋಡಿದ್ದಳು. ಸರಿಯಾಗೇ ನೆನಪಿಟ್ಟುಕೊಂಡಿದ್ದಳು. ನನ್ನ ಮೂರು ಮಧ್ಯಾಹ್ನದ ಖುಷಿಗೆ ಅವಳು ತನ್ನ ತಲೆಯನ್ನೇ ಅನುಮಾನಿಸುತ್ತ ಕೂತಿದ್ದಳು.

“ಇಲ್ಲ ಅಜ್ಜಿ,” ಅಂದೆ.

ಮರುದಿನ ಜೆರಾಕ್ಸ್ ಅಂಗಡಿಯ ಮೇಲಕ್ಕೆ ಹೋಗಿ ವಕೀಲೆಗೆ ಎಲ್ಲ ಹೇಳಿದೆ. ಅವಳು ಪೆನ್ನು ಮುಚ್ಚಿ ಪಕ್ಕಕ್ಕಿಟ್ಟಳು.

“ನೋಡು, ನಿನ್ನನ್ನ ಯಾರೂ ಬಾಯಿ ಬಿಡು ಅಂತ ಬಲವಂತ ಮಾಡೋಕಾಗಲ್ಲ. ಸುಮ್ಮನಿರೋದು ನಿನ್ನ ಹಕ್ಕು. ಸುಮ್ಮನಿದ್ರೆ ನೀನು ಬಿಡುಗಡೆ ಆಗ್ತೀಯ, ಹೆಚ್ಚುಕಡಿಮೆ ಖಚಿತ.”

“ಅಜ್ಜಿ?”

“ಕೆಲಸ ಮಾಡೋ ಆಯುಧ ಇಟ್ಕೊಂಡಿದ್ರು ಅಂತ ಆಗುತ್ತೆ. ಒಂದು ವರ್ಷದವರೆಗೂ ಜೈಲು. ವಯಸ್ಸು ನೋಡಿ ಏನಾದ್ರೂ ಕಡಿಮೆ ಮಾಡಬಹುದು.”

“ನಾನು ಹೇಳಿದ್ರೆ?”

“ಕೆಲಸಕ್ಕೆ ಬಾರದ ಕಬ್ಬಿಣ ಇಟ್ಕೊಂಡಿದ್ರು ಅಂತ ಆಗುತ್ತೆ. ಎಚ್ಚರಿಕೆ ಕೊಟ್ಟು ಬಿಡ್ತಾರೆ. ನೀನು ಗೊತ್ತಿದ್ದೂ ಇಟ್ಕೊಂಡೆ, ಪರವಾನಗಿ ಇಲ್ಲದೆ ಬಂದೂಕು ರಿಪೇರಿ ಮಾಡಿದೆ. ಎರಡು ಅಪರಾಧ, ಎರಡೂ ಅವರದಕ್ಕಿಂತ ದೊಡ್ಡವು.” ಕಣ್ಣುಜ್ಜಿಕೊಂಡಳು. “ನಿನ್ನ ವಕೀಲೆಯಾಗಿ ನಾನು ಬೇಡ ಅನ್ನಬೇಕು. ಬೇಡ ಅಂತಿದೀನಿ. ಕೇಳಿಸ್ಕೊಂಡೆಯಾ?”

“ಕೇಳಿಸ್ಕೊಂಡೆ.”

“ಕೇಳಲ್ಲ ನೀನು.”

“ಇಲ್ಲ.”

“ಹಾಗಾದ್ರೆ ಕೂತ್ಕೋ. ಕೂಗಾಡದೆ ಹೇಗೆ ಹೇಳಬೇಕು ಅಂತ ಕಲಿಸ್ತೀನಿ.”

ಮುಂದಿನ ತಾರೀಖಿಗೆ ಎಂಟು ದಿನ ಇತ್ತು. ಎಂಟು ದಿನವೂ ದೊಡ್ಡಪ್ಪನಿಗೆ ಹೇಳಬೇಕು ಅಂತ ಹೊರಟೆ. ಒಂದು ದಿನ ಅವನು ಕೀಲಿ ಕೊರೆಯುತ್ತಿದ್ದ, ಯಂತ್ರದ ಸದ್ದು. ಒಂದು ದಿನ ಊಟಕ್ಕೆ ಕೂತಿದ್ದ, ದೊಡ್ಡಮ್ಮ ಇದ್ದಳು. ಇನ್ನೊಂದು ದಿನ ದೊಡ್ಡಮ್ಮನೂ ಇರಲಿಲ್ಲ, ಸದ್ದೂ ಇರಲಿಲ್ಲ. ಅವತ್ತು ಅವನು ಯಾವುದೋ ಗಿರಾಕಿಗೆ ಹೇಳುತ್ತಿದ್ದ: “ನ್ಯಾಯಾಧೀಶರೇ ಬರ್ಕೊಂಡ್ರು ನಮ್ಮ ಪದ್ಧತೀನ.” ಗಿರಾಕಿ ಹೋದ ಮೇಲೂ ನಾನು ಬಾಯಿ ತೆರೆಯಲಿಲ್ಲ. ಹೇಡಿ ಅಂತ ಬೇಕಾದರೆ ಅನ್ನಲಿ.

ಹಾಗಾಗಿ ದೊಡ್ಡಪ್ಪ ಅದನ್ನು ಕೇಳಿದ್ದು ನ್ಯಾಯಾಲಯದಲ್ಲಿ, ಮೂರನೇ ಬೆಂಚಿನಲ್ಲಿ ಕೂತು.

ಕೂಗಾಡದೆ ಹೇಳಿದೆ. ಪೆಟ್ಟಿಗೆ ಸರಿಸಿದ್ದು, ಸದ್ದು, ಮುಚ್ಚಳ, ಸೀಮೆಎಣ್ಣೆ. ಬೆಂಚುಗಳ ಕಡೆ ನೋಡಲಿಲ್ಲ. ಸರ್ಕಾರಿ ವಕೀಲ ಎದ್ದಾಗ ಹೊಟ್ಟೆ ತುಂಬಿದ ಬೆಕ್ಕಿನ ಹಾಗಿದ್ದ.

“ಯಾರು ಹೇಳಿ ರಿಪೇರಿ ಮಾಡಿಸಿದ್ರು?”

“ಯಾರೂ ಇಲ್ಲ.”

“ಮತ್ಯಾಕೆ ಮಾಡಿದೆ?”

“ಸಿಕ್ಕಿಹಾಕಿಕೊಂಡಿತ್ತು.”

“ಸಿಕ್ಕಿಹಾಕಿಕೊಂಡದ್ದನ್ನೆಲ್ಲ ಬಿಡಿಸ್ತೀಯಾ?”

“ಬಿಡಿಸ್ತೀನಿ. ನಿಮ್ಮ ಬ್ಯಾಗಿನ ಎಡಗಡೆ ಚಿಲಕ ಸಿಕ್ಕಿಕೊಳ್ಳುತ್ತೆ. ತಿಂಗಳಿಂದ ನೋಡ್ತಿದೀನಿ. ಅದನ್ನೂ ಬಿಡಿಸಬೇಕು ಅನ್ನಿಸುತ್ತೆ.”

ಈ ಸಲ ನಗು ಅವನ ಕಡೆ ಹೋಯಿತು. ಅವನು ಕೆಂಪಾದ. “ಸ್ವಾಮಿ, ಮುದುಕಿಯನ್ನ ಬಚಾವು ಮಾಡೋಕೆ ಕಟ್ಟಿದ ಕಥೆ ಇದು,” ಅಂದ. ನೋಡಿ ಇವರ ಚೆಂದ. ಅಷ್ಟು ದಿನ ನಾನೇ ರಿಪೇರಿ ಮಾಡಿದೆ ಅಂತ ಕಿರುಚಿದವನು, ನಾನು ಹೌದು ಅಂದ ಕೂಡಲೇ ನಂಬಲಿಲ್ಲ.

ನಂಬದಿದ್ದರೆ ಅಜ್ಜಿ ಉಳಿಯಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು, “ನೀನೇ ಮಾಡಿದ್ದು ಅನ್ನೋಕೆ ಏನು ಗುರುತು?”

“ಉರುಳೆಯ ನಡುವೆ ಒಂದು ಅಚ್ಚುಕಡ್ಡಿ ಇದೆ. ಅದು ಹೊರಗೆ ಬರಲಿಲ್ಲ ಅಂತ ಹಿತ್ತಾಳೆ ಕಡ್ಡಿ ಇಟ್ಟು ಹಿಂದಿನಿಂದ ತಟ್ಟಿದೆ. ಎರಡನೇ ಪೆಟ್ಟು ಜಾರಿತು. ಚೌಕಟ್ಟಿನ ಒಳಗೆ, ಹೊರಗಿಂದ ಕಾಣದ ಕಡೆ, ಹಿತ್ತಾಳೆ ಗೀರು ಇರಬೇಕು. ಅಕ್ಕಿಕಾಳಿನಷ್ಟು.”

ತಜ್ಞನನ್ನು ಕರೆಸಿದರು. ಎಲ್ಲರ ಮುಂದೆ ಬಿಚ್ಚಿ, ಭೂತಗನ್ನಡಿ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸುಮಾರು ಹೊತ್ತು ನೋಡಿದ. “ಇದೆ,” ಅಂದ. “ಹಳದಿ ಗೀರು. ವರದಿ ಬರೆಯುವಾಗ ನಾನು ಗಮನಿಸಿರಲಿಲ್ಲ.” ಆಮೇಲೆ ಕೇಳದೇ ಇದ್ದರೂ ಇನ್ನೊಂದು ಮಾತು ಸೇರಿಸಿದ, “ಒಳ್ಳೆಯ ಕೆಲಸ.”

ಅಜ್ಜಿ ತನ್ನ ಮಗನ ಕಡೆ ತಿರುಗಿ ನೋಡಿದಳು. ಅವನು ತಲೆ ತಗ್ಗಿಸಿದ.

“ಇದು ಅಪರಾಧ ಅಂತ ನಿನಗೆ ಗೊತ್ತಿರಲಿಲ್ವಾ?” ನ್ಯಾಯಾಧೀಶರು ಕೇಳಿದರು.

“ಮುಚ್ಚಳ ಎತ್ತಿದ್ದು ತಪ್ಪು ಅಂತ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.”

ಆಗ ಬೆಂಚಿನ ಕಡೆ ನೋಡಿದೆ. ದೊಡ್ಡಪ್ಪ ತನ್ನ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತಿದ್ದ. ಅವನು ಪ್ರಮಾಣ ಮಾಡಿ ಹೇಳಿದ ಮಾತನ್ನು ನಾನು ಸುಳ್ಳು ಮಾಡಿದ್ದೆ.

ತೀರ್ಪು ಬಂದಿದ್ದು ಹನ್ನೊಂದು ದಿನ ಆದ ಮೇಲೆ. ಆ ಹನ್ನೊಂದು ದಿನ ದೊಡ್ಡಪ್ಪ ನನ್ನ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ಎರಡು ಮಾತು ಎಸೆದು ಹಗುರ ಆಗುತ್ತಿದ್ದೆ. ಉಪ್ಪು ಬೇಕಾದರೆ ದೊಡ್ಡಮ್ಮನನ್ನು ಕೇಳುತ್ತಿದ್ದ, ಡಬ್ಬಿ ನನ್ನ ಕೈ ಹತ್ತಿರ ಇದ್ದರೂ. “ನಾನೇನು ಇವರಿಬ್ಬರ ನಡುವಿನ ಅಂಚೆಯವಳಾ?” ಅಂತ ದೊಡ್ಡಮ್ಮ ಡಬ್ಬಿ ಕುಕ್ಕುತ್ತಿದ್ದಳು. ಅಂಗಡಿಯಲ್ಲಿ ಅವನು ಬರುವ ಪೆಟ್ಟಿಗೆಗಳನ್ನು ತನ್ನ ಮೇಜಿಗೇ ಇಟ್ಟುಕೊಳ್ಳುತ್ತಿದ್ದ. ನನಗೆ ಬಾಗಿಲ ಕೀಲು, ಹಿಡಿಕೆ, ಹೀಗೆ ಒಳಗು ಅನ್ನೋದೇ ಇಲ್ಲದ ಮಾಲು.

ಅಜ್ಜಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನಾನು ಎರಡರಲ್ಲೂ ತಪ್ಪಿತಸ್ಥ ಅಂತಾಯಿತು. ತಾನಾಗಿ ಒಪ್ಪಿಕೊಂಡಿದ್ದಾನೆ, ಒಳಗೆ ಕಳೆದ ಹತ್ತೊಂಬತ್ತು ದಿನವೇ ಸಾಕು, ಇನ್ನು ಎರಡು ವರ್ಷ ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕು ಅಂದರು. “ಈ ಹುಡುಗ ನಿಜ ಹೇಳದಿದ್ದರೆ ನಾನು ಒಂದು ತಪ್ಪು ತೀರ್ಪು ಬರೆಯುತ್ತಿದ್ದೆ,” ಅಂತ ನ್ಯಾಯಾಧೀಶರು ಓದಿದರು. “ಹೇಳಿದ್ದರಿಂದ ಸರಿಯಾದದ್ದನ್ನು ಬರೆಯಬೇಕಾಗಿದೆ. ಇದನ್ನು ಬರೆಯಲು ನನಗೆ ಸಂತೋಷವಿಲ್ಲ.” ಸಂತೋಷ ಇಲ್ಲದಿದ್ದರೂ ಬರೆದರು. ಅವರ ಕಾನೂನೂ ಒಂದು ಬೀಗ. ಅದರ ಒಳಗೆ ಕೈ ಹಾಕಿ ತಟ್ಟೋಕೆ ಅವರಿಗೂ ಅಧಿಕಾರ ಇಲ್ಲವಂತೆ.

ಮುಚ್ಚಳಿಕೆಗೆ ಸಹಿ ಹಾಕುವಾಗ ಸರ್ಕಾರಿ ವಕೀಲ ಪಕ್ಕದಲ್ಲಿದ್ದ. ನಿಧಾನವಾಗಿ ಬರೆದೆ. ಅವನು ಬೇರೆ ಕಡೆ ನೋಡಿದ.

ಹೊರಗೆ ಕಾರಿಡಾರಿನಲ್ಲಿ ವಕೀಲೆ ಉಳಿದದ್ದನ್ನು ಹೇಳಿದಳು. ಇನ್ನು ಮೇಲೆ ಯಾವ ಅರ್ಜಿ ತುಂಬಿದರೂ ಒಂದು ಕಾಲಂ ಇರುತ್ತೆ, ಹಿಂದೆ ಶಿಕ್ಷೆಯಾಗಿದೆಯೇ ಅಂತ. ಹೌದು ಅಂತ ಬರೆಯಬೇಕು. ಇಲ್ಲ ಅಂತ ಬರೆದರೆ ಅದು ಇನ್ನೊಂದು ಅಪರಾಧ. ಕಾವಲು ಕೆಲಸ ಇಲ್ಲ, ಬ್ಯಾಂಕಿನ ಕೆಲಸ ಇಲ್ಲ, ಪರದೇಶಕ್ಕೆ ಹೋಗೋದು ಕಷ್ಟ. ಬ್ಯಾಡ್ಜಿನ ಕಚೇರಿಗೆ ತೀರ್ಪಿನ ಪ್ರತಿ ಈ ವಾರವೇ ಹೋಗುತ್ತೆ. “ಮೇಲ್ಮನವಿ ಹಾಕ್ತೀನಿ,” ಅಂದಳು. “ಮೂರು ವರ್ಷ ಆಗಬಹುದು, ಐದೂ ಆಗಬಹುದು. ಹಾಕ್ತೀನಿ. ನೀನು ಬೇಡ ಅಂದ್ರೂ ಹಾಕ್ತೀನಿ.” ಫೈಲು ಎದೆಗೆ ಒತ್ತಿಕೊಂಡು ಮುಂದಿನ ಕೇಸಿಗೆ ಒಳಗೆ ಹೋದಳು.

ನಾನೂ ದೊಡ್ಡಪ್ಪನೂ ಮೆಟ್ಟಿಲ ಮೇಲೆ ನಿಂತೆವು. ಕೆಳಗೆ ಜನ ಫೈಲು, ಛತ್ರಿ, ಊಟದ ಡಬ್ಬಿ ಹಿಡಿದು ಹತ್ತುತ್ತಿದ್ದರು, ಇಳಿಯುತ್ತಿದ್ದರು.

“ಆ ಅಚ್ಚುಕಡ್ಡಿ,” ಅಂದ ದೊಡ್ಡಪ್ಪ. ಹನ್ನೊಂದು ದಿನದ ಮೇಲೆ ಮೊದಲ ಮಾತು. “ಬಿಸಿ ಮಾಡದೇ ತೆಗೆದೆಯಾ?”

“ಬಿಸಿ ಮಾಡಿದ್ರೆ ಕಬ್ಬಿಣದ ಹದ ಕೆಡ್ತಿತ್ತು.”

“ಹೂಂ.” ತಲೆಯಾಡಿಸಿದ. “ನಾನಾಗಿದ್ರೆ ಬಿಸಿ ಮಾಡ್ತಿದ್ದೆ. ಹಾಳು ಮಾಡ್ತಿದ್ದೆ.”

ಎರಡು ಮೆಟ್ಟಿಲು ಇಳಿದ. ಕಣ್ಣಿನ ಪೊರೆಗೆ ಬಿಸಿಲು ಚುಚ್ಚುತ್ತೆ, ಕೈ ಅಡ್ಡ ಹಿಡಿದುಕೊಂಡು ನನ್ನ ಕಡೆ ತಿರುಗಿದ.

“ನಾಳೆ ಎಂಟಕ್ಕೆ ಬಾ,” ಅಂದ. “ನಿನ್ನ ಮೇಜು ಹಾಗೇ ಇರುತ್ತೆ. ಬೀಗವೂ ಮಾಡು, ಪೆಟ್ಟಿಗೆಯೂ ಮಾಡು. ನಾನೇನೂ ಕೇಳಲ್ಲ. ಯಾವ ಕಚೇರಿಯವನು ಬಂದು ತಲೆ ಎಣಿಸ್ತಾನೋ ನೋಡೋಣ. ನಲವತ್ತು ವರ್ಷ ಆಯ್ತು ಆ ಕಾಗದ ಗೋಡೆ ಮೇಲೆ ನೇತಾಡ್ತಾ, ಇಳಿಸಿದ್ರೆ ಇಳಿಸಲಿ.”

ದೊಡ್ಡಪ್ಪ ಸುಳ್ಳು ಹೇಳುತ್ತಿದ್ದಾನೆ ಅಂ‌ತ ನನಗೆ ಅನ್ನಿಸಲಿಲ್ಲ. ಇಳಿಸಿದರೆ ನಿಜವಾಗಲೂ ಇಳಿಸಲಿ ಅಂತಲೇ ಅವನು ಹೇಳುತ್ತಿದ್ದ. ನಾನು ಆ ಅಂಗಡಿಯೊಳಗೆ ಕಾಲಿಟ್ಟರೆ ಪರವಾನಗಿ ಹೋಗುತ್ತೆ. ಬೇಡ ಅಂದರೆ ಅಲ್ಲೇ ನಿಂತು ವಾದ ಮಾಡುತ್ತಾನೆ, ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ, ನಾನು ಹೋಗಿಯೂಬಿಡುತ್ತೇನೆ. ಆಯ್ತು ಅಂದರೆ ನಾಳೆ ಎಂಟು ಗಂಟೆಗೆ ಬಾಗಿಲು ತೆಗೆದು ಕಾಯುತ್ತಾನೆ.

“ಬರ್ತೀಯ ತಾನೆ?” ಅಂದ.

ಅವತ್ತೂ ಅವನು ಅಂಗಿಯ ಮೇಲಿನ ಗುಂಡಿ ಬಿಗಿದೇ ಬಂದಿದ್ದ. ಕೈ ಚಾಚಿ ಅದನ್ನು ಬಿಚ್ಚಿದೆ. ಅವನ ಪಕ್ಕದಿಂದ ಮೆಟ್ಟಿಲು ಇಳಿದೆ.

“ಲೋ, ಹೇಳಿದ್ದು ಕೇಳಿಸ್ತೇನೋ?” ಹಿಂದಿನಿಂದ ದೊಡ್ಡಪ್ಪನ ದನಿ. “ಎಂಟಕ್ಕೆ.”

ಗೇಟಿನ ಹೊರಗೆ ಬಂದೆ. ಅಂಗಡಿಗೆ ಹೋಗೋಕೆ ಬಲಕ್ಕೆ ತಿರುಗಬೇಕು. ನಾನು ಎಡಕ್ಕೆ ತಿರುಗಿ ನಡೆದೆ.